ಖಾಲಿ ಕಳಿಸಬಾರದ ಬಟ್ಟಲು

ಸೇಡಂ

ನಮ್ಮ ಮನೆಯಲ್ಲಿ ಒಂದು ಜಗಳ ಲಗ್ನವಾದಾಗಿನಿಂದ ನಡೆದಿದೆ. ಜಗತ್ತು ಕೆಟ್ಟಿದೆ ಎನ್ನುವವಳು ನಾನು. ಸುಧಾರಿಸುತ್ತಿದೆ ಎನ್ನುವವರು ನಮ್ಮ ಮನೆಯವರು. ಹಾಲಿಗೆ ನೀರು, ಮಾತಿಗೆ ಸುಳ್ಳು, ತೊಗರಿ ಚೀಲದ ತಳದಲ್ಲಿ ಹರಳು, ಇದನ್ನೆಲ್ಲ ನೋಡಿಯೂ ಅವರು ಹಾಗೆ ಹೇಳುತ್ತಾರೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೆ ಜೀವಮಾನವೆಲ್ಲ ಮೊರದಲ್ಲಿ ತೊಗರಿಬೇಳೆ ಹರವಿ ಹರಳು ಆರಿಸಿದವಳ ಕಣ್ಣು ಮೊದಲು ಹರಳಿನ ಮೇಲೆಯೇ ಬೀಳುತ್ತದೆ. ಅದಕ್ಕೆ ನಾನೇನು ಮಾಡಲಿ?

ಇಂಥ ಹೊತ್ತಿನಲ್ಲಿ ಮಸ್ಕತ್‌ನಿಂದ ಫೋನು ಬಂತು. ನಮ್ಮ ಮಗಳು ಜಗದೇವಿಗೆ ಹೆಣ್ಣುಕೂಸು. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ದವಾಖಾನೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿದ್ದರು. ನೀವು ಹೆದರಬಾರದೆಂದು ಇಷ್ಟು ದಿನ ಹೇಳಿರಲಿಲ್ಲ, ಈಗ ಮನೆಗೆ ಕೊಟ್ಟಿದ್ದಾರೆ ಎಂದ ಅಳಿಯ. ನನ್ನ ಕೈಯಲ್ಲಿದ್ದ ಮೊರ ಜಾರಿ ಬೇಳೆಯೆಲ್ಲ ಫರಸಿ ಕಲ್ಲಿನ ಮೇಲೆ ಚೆಲ್ಲಿತು. ಆರಿಸಲಿಲ್ಲ. ಹಾಗೇ ತುಳಿದುಕೊಂಡು ಓಣಿಗೆ ಓಡಿದೆ. ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಕಾಳಗಿ ಬಸ್ಸಿನ ಕಂಡಕ್ಟರನಿಗೂ ಹಾಕಿದೆ. ಅವನು ಚಪ್ಪರಿಸುತ್ತಾ, "ಎಲ್ಲಿಗಿ ಟಿಕೇಟ್ ಕೊಡ್ಲಿ ಆಯಿ?" ಎಂದ. "ಎಲ್ಲಿಗೂ ಬ್ಯಾಡಪಾ, ನಾ ಅಜ್ಜಿ ಆಗೀನಿ" ಎಂದೆ.

ನಮ್ಮಲ್ಲಿ ಮೊದಲ ಬಾಣಂತನ ತವರಿನದು. ಮಗಳಿಗೆ ಬರಲಾಗಲಿಲ್ಲ, ಹಾಗಾಗಿ ತವರೇ ಅಲ್ಲಿಗೆ ಹೋಗಬೇಕಾಯಿತು. ಅಳಿಯ ವಾಡಿಯವನು. ಅಲ್ಲಿಯೇ ಸಿಮೆಂಟ್ ಕೆಲಸ ಕಲಿತು, ಈಗ ಮಸ್ಕತ್ ಕಡೆಯ ಒಂದು ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಾನೆ. ನಾನು ಅಂಟಿನುಂಡೆ ಕಟ್ಟಿದೆ, ಗುರೆಳ್ಳು ಹುರಿದು ಖಾರದ ಕರಿ ಹಿಂಡಿ ಕುಟ್ಟಿದೆ, ಕೂಸಿಗೆ ಹೊಗೆ ಹಾಕಲು ಲೋಬಾನ ಕಟ್ಟಿಕೊಂಡೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಹೇಳಿದರು:

"ಪರದೇಶ ನೋಡಿ ಬಾ. ಅಲ್ಲೀ ಮಂದೀನೂ ಕೆಟ್ಟಾರಂದ್ರ ನೀ ಗೆದ್ದಿ. ಒಬ್ಬರ ಮ್ಯಾಲ ಭರೋಸಾ ಬಂತಂದ್ರ ನಾ ಗೆದ್ದೆ."

"ನಿಮ್ಮ ಸೋಲು ಬರದಿಟ್ಟದ್ದ ಅದ" ಎಂದು ರೈಲು ಹತ್ತಿದೆ.

ಹೈದರಾಬಾದ್

ವಿಮಾನ ನಿಲ್ದಾಣದಲ್ಲಿ ಎಲ್ಲರೂ ಮೈಮೇಲಿನ ಸಾಮಾನು ಬಿಚ್ಚಿ ತಟ್ಟೆಯಲ್ಲಿಡುತ್ತಿದ್ದರು. ಬೆಲ್ಟು, ಗಡಿಯಾರ, ಬೂಟು. ಇಷ್ಟೊಂದು ಮಂದಿ ಒಮ್ಮೆಗೇ ಬಿಚ್ಚುವುದನ್ನು ನೋಡಿ ನನಗೆ ಸಂಶಯ ಬಂತು. ಆ ತಟ್ಟೆಗಳು ಕತ್ತಲೆಯ ಗೂಡಿನೊಳಗೆ ಹೋಗುತ್ತವೆ. ಒಳಗೆ ಯಾರು ಕೂತಿದ್ದಾರೋ ಯಾರಿಗೆ ಗೊತ್ತು? ತಪಾಸಣೆಯ ಹೆಣ್ಣುಮಗಳು ನನ್ನ ಕೊರಳಿನ ಬೆಳ್ಳಿಯ ಕರಡಿಗೆ ನೋಡಿ, "ಇದನ್ನೂ ಇಡಿ" ಎಂದು ಹಿಂದಿಯಲ್ಲಿ ಹೇಳಿದಳು.

ಅದರಲ್ಲಿರುವುದು ಲಿಂಗ. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವವರೆಗೆ ಮೈಬಿಡುವಂಥದ್ದಲ್ಲ. "ನನ್ನನ್ನ ಗೂಡಿನಾಗ ಹಾಕ್ರಿ, ಇದನ್ನ ಹಾಕೂದಿಲ್ಲ" ಎಂದೆ. ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು. ಆ ಹುಡುಗಿ ನನ್ನ ಮುಖ ನೋಡಿದಳು, ಸಾಲು ನೋಡಿದಳು. ಕೊನೆಗೆ ಪಕ್ಕಕ್ಕೆ ಕರೆದು, "ನೀವೇ ಕೈಯಲ್ಲಿ ಹಿಡಕೊಳ್ಳಿ, ದಾರ ಬಿಡಬೇಡಿ" ಎಂದು, ತಾನು ಮುಟ್ಟದೆ, ತನ್ನ ಯಂತ್ರವನ್ನು ಸುತ್ತಲೂ ಆಡಿಸಿ ಬಿಟ್ಟಳು. ಒಳ್ಳೆಯವಳು. ಆದರೆ ಇದನ್ನು ಮನೆಯವರಿಗೆ ಹೇಳಬಾರದು, ಲೆಕ್ಕಕ್ಕೆ ಹಿಡಿಯುತ್ತಾರೆ ಎಂದುಕೊಂಡೆ.

ವಿಮಾನದಲ್ಲಿ ಪಕ್ಕದ ಗಂಡಸು ತನ್ನ ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟ. ಬಿಟ್ಟಿ ಯಾರು ಏನು ಕೊಡುತ್ತಾರೆ? ಉಂಡೆಯ ಚೀಲ ತೊಡೆಯ ಮೇಲಿಟ್ಟು ಗಟ್ಟಿ ಹಿಡಿದು ಕೂತೆ. ಮೋಡಗಳನ್ನು ಸರಿಯಾಗಿ ನೋಡಲಿಲ್ಲ. ಆ ಮನುಷ್ಯ ನನ್ನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆದ. ಇಳಿಯುವಾಗ ಜೊಲ್ಲು ಒರೆಸಿಕೊಂಡು, "ಮಾಫ್ ಕರೋ ಮಾ ಜೀ" ಎಂದ. ಚೀಲ ನೋಡಿಕೊಂಡೆ. ಗಂಟು ಹಾಗೇ ಇತ್ತು.

ಮಸ್ಕತ್

ಕೂಸನ್ನು ಹೇಗೆ ಹೇಳಲಿ? ಚಿಂಚೋಳಿ ತಾಲ್ಲೂಕಿನ ಕೊಡ್ಲಿ ನನ್ನ ತವರು. ಅಲ್ಲಿ ಮೊದಲ ಮಳೆಗೆ ಎರೆಭೂಮಿ ಬಿರುಕು ಮುಚ್ಚಿಕೊಂಡು ಒಂದು ವಾಸನೆ ಬಿಡುತ್ತದೆ. ಕೂಸಿನ ನೆತ್ತಿ ಮೂಸಿದಾಗ ಅದೇ ವಾಸನೆ. ಮುಷ್ಟಿ ಬಿಗಿಹಿಡಿದು ಮಲಗಿತ್ತು, ಯಾರಿಗೂ ಏನೂ ಕೊಡುವುದಿಲ್ಲ ಎನ್ನುವಂತೆ. ನನ್ನದೇ ವಂಶ ಎಂದು ಕುಣಿದಾಡಿದೆ. ಎಣ್ಣೆ ಹಚ್ಚಿ ಎರೆದೆ, ಹೊಗೆ ಹಾಕಿದೆ. ಹೊಗೆಗೆ ಛತ್ತಿಗೆ ಅಂಟಿಸಿದ್ದ ಯಂತ್ರವೊಂದು ಕೂಗಿಕೊಂಡು ಇಡೀ ಕಟ್ಟಡದ ಮಂದಿ ಹೊರಗೆ ಬಂದು ನಿಂತರು. ಅಳಿಯ ಎಲ್ಲರ ಮುಂದೆ ಕೈಮುಗಿಯುತ್ತಾ ತಿರುಗಿದ.

"ಕೂಸಿಗೆ ಹೊಗಿ ಹಾಕಿದ್ರ ಊರು ಓಡಿ ಬರ್ತದಲ್ಲೋ. ಇದು ಯಾವ ಮಾಟದ ಮನಿ?" ಎಂದು ಅವನನ್ನು ಕೇಳಿದೆ.

"ಬೆಂಕಿ ಬಿತ್ತಂದ್ರ ಗೊತ್ತಾಗ್ಲಿ ಅಂತ ಅತ್ತಿ. ನಿಮ್ಮ ಸಂಶೇಕ್ಕಿಂತ ಅದರದ್ದು ಒಂದು ಕೈ ಹೆಚ್ಚು" ಎಂದ.

ಸಂತೋಷ ಹೆಚ್ಚಿದಷ್ಟೂ ನನ್ನ ಸಂಶಯ ಹೆಚ್ಚುತ್ತದೆ. ಖಾಲಿ ಕೈಯವನಿಗೆ ಕಳ್ಳನ ಭಯವಿಲ್ಲ. ಈಗ ನನ್ನ ಮಡಿಲಲ್ಲಿ ಬಂಗಾರವಿತ್ತು. ಅಂಥ ಹೊತ್ತಿನಲ್ಲೇ ಜಗದೇವಿ ಹೇಳಿದಳು. ಅವಳು ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಯ ಕೆಲಸದವಳು. ರಜೆ ಮುಗಿದು ಕೆಲಸಕ್ಕೆ ಹೋಗುವ ಹೊತ್ತಿಗೆ ನನ್ನ ವೀಸಾ ಕೂಡ ಮುಗಿಯುತ್ತದೆ. ಆಮೇಲೆ ಹಗಲು ಹೊತ್ತು ಕೂಸನ್ನು ಎದುರುಮನೆಯ ಗುಲ್ ಬೀಬಿ ನೋಡಿಕೊಳ್ಳುತ್ತಾಳೆ.

"ಯಾರಕಿ?"

"ಇಲ್ಲೇ ಊರಕಿ ಅವ್ವಾ, ಬಲೂಚ್ ಮಂದಿ. ಮೊಮ್ಮಕ್ಕಳು ದೊಡ್ಡವಾಗಿ ಸಾಲಿಗಿ ಹೊಂಟಾವ. ಕೈ ಖಾಲಿ ಅದ ಅಂತಾಳ. ತಾನೇ ಕೇಳಿದ್ಲು."

"ತಾನೇ ಕೇಳಿದ್ಲಾ?" ತಾನಾಗಿ ಕೇಳಿ ಇನ್ನೊಬ್ಬರ ಕೂಸು ಎತ್ತಿಕೊಳ್ಳುವವರು ಯಾವ ಲೋಕದಲ್ಲಿದ್ದಾರೆ? "ನಾ ಕೂಸಿಗಿ ಸೇಡಂಕ ಕರಕೊಂಡು ಹೋಗ್ತೀನಿ. ನೀವು ಕೆಲಸ ಮಾಡಕೋತ ಇರ್ರಿ."

ಜಗದೇವಿ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಆ ರೀತಿಯಲ್ಲಿ ಅವಳು ನನ್ನಿಂದ ಯಾವತ್ತೂ ಏನನ್ನೂ ತೆಗೆದುಕೊಂಡಿರಲಿಲ್ಲ.

ಬಟ್ಟಲು

ಮರುದಿನ ಗುಲ್ ಬೀಬಿ ಬಂದಳು. ನನ್ನ ವಯಸ್ಸೇ ಇರಬೇಕು. ಹೂವಿನ ಕಸೂತಿಯ ದೊಡ್ಡ ಅಂಗಿ, ಗಾಳಿಗೆ ಹಾರುವ ತಲೆವಸ್ತ್ರ. ಹಿಂದಿ ಬರುತ್ತಿತ್ತು, ನನ್ನ ಕಲಬುರಗಿ ಹಿಂದಿಗಿಂತ ಏನೂ ಹೆಚ್ಚಲ್ಲ. ಹಾಗಾಗಿ ಅವಳ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ತೊಟ್ಟಿಲಿಗೆ ಬಗ್ಗಿ ನೋಡಿ ಅವಳು ಹೇಳಿದ ಮೊದಲ ಮಾತು:

"ಏನು ಸಣಕಲು ಕೂಸು. ಇಲಿ ಮರಿ ಹಂಗ ಅದ."

ನನಗೆ ಮೈಯುರಿಯಿತು. ಒಂದು ಗಳಿಗೆ ಬಿಟ್ಟು ಹೊಳೆಯಿತು, ನಾವೂ ಕೂಸಿಗೆ ಚಂದ ಅನ್ನುವುದಿಲ್ಲ, ದೃಷ್ಟಿಯಾಗುತ್ತದೆ. ಆದರೆ ಅವಳು ದೃಷ್ಟಿ ತೆಗೆಯಲು ಹೇಳಿದಳೋ, ಖರೇನೇ ಹೇಳಿದಳೋ? ತಿಳಿಯಲಿಲ್ಲ.

ಹೋಗುವಾಗ ನೀಲಿ ಹೂವಿನ ಒಂದು ಮುಚ್ಚಳದ ಬಟ್ಟಲು ಇಟ್ಟು ಹೋದಳು. ಒಳಗೆ ಹಲ್ವಾ ಅಂತೆ. ಕಪ್ಪಗೆ, ಜಿಡ್ಡಾಗಿ, ಅಲುಗಾಡುತ್ತಿತ್ತು. ಬಂಡಿಯ ಗಾಲಿಗೆ ಹಾಕುವ ಕೀಲೆಣ್ಣೆ ಹೀಗೇ ಇರುತ್ತದೆ. ಅದರಲ್ಲಿ ಏನೇನಿದೆಯೋ ಎಂದು ನಾನು ಬೆರಳು ಅದ್ದಲಿಲ್ಲ. ಗೇಟಿನ ಕಾವಲುಗಾರ ನೂರುಲ್‌ಗೆ ಕೊಟ್ಟೆ. ಬಾಂಗ್ಲಾದೇಶದವನು, ಮಧ್ಯವಯಸ್ಸು, ಸಜ್ಜೆಯ ದಂಟಿನ ಹಾಗೆ ಒಣಗಿದ್ದ. "ಆ ಬೀಬಿಗಿ ಹೇಳಬ್ಯಾಡಪಾ" ಎಂದೆ. ಅವನು ಎದೆ ಮುಟ್ಟಿಕೊಂಡು ತಲೆಯಾಡಿಸಿದ.

ಈಗ ಬಟ್ಟಲು ತಿರುಗಿಸಬೇಕು. ನಮ್ಮ ಕಡೆ ತುಂಬಿ ಬಂದ ಪಾತ್ರೆಯನ್ನು ಖಾಲಿ ಕಳಿಸಿದರೆ ಮನೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಬೇಕು. ಅವಳ ಮೇಲೆ ಭರೋಸಾ ಇಲ್ಲದಿರಬಹುದು, ರೀತಿ ಬಿಡಲಾಗುತ್ತದೆಯೇ? ಶೇಂಗಾ ಹೋಳಿಗೆ ಮಾಡಿ ತುಂಬಿ ಕಳಿಸಿದೆ. ತೀರಿತು ಎಂದುಕೊಂಡೆ.

ತೀರಲಿಲ್ಲ. ಎರಡು ದಿನಕ್ಕೆ ಬಟ್ಟಲು ಖರ್ಜೂರ ತುಂಬಿಕೊಂಡು ಮರಳಿ ಬಂತು. ನಾನು ಗೋಧಿ, ಬೆಲ್ಲದ ಮಾದಲಿ ಹಾಕಿ ಕಳಿಸಿದೆ. ಅದು ಏಲಕ್ಕಿ ವಾಸನೆಯ ಶ್ಯಾವಿಗೆ ಹೊತ್ತು ಬಂತು. ನಾನು ಸಜ್ಜೆ ರೊಟ್ಟಿಯ ಮೇಲೆ ಗುರೆಳ್ಳು ಹಿಂಡಿ ಇಟ್ಟು ಕಳಿಸಿದೆ. ಅವಳ ಕಡೆಯೂ ಇದೇ ರೀತಿ ಇದೆ ಎಂದು ಆಗ ಗೊತ್ತಿರಲಿಲ್ಲ. ನನಗೆ ಅನಿಸಿದ್ದು ಒಂದೇ: ಈ ಹೆಂಗಸು ಯಾಕೆ ಬಿಡುತ್ತಿಲ್ಲ? ಇಷ್ಟು ತಿನ್ನಿಸಿ ಏನು ಕಸಿಯಬೇಕೆಂದಿದ್ದಾಳೆ? ಬಂದದ್ದೆಲ್ಲ ನೂರುಲ್‌ನ ತಟ್ಟೆಗೆ ಹೋಗುತ್ತಿತ್ತು. ಅವನ ಅಂಗಿಯ ಗುಂಡಿಗಳು ಬಿಗಿಯಾಗತೊಡಗಿದವು.

ಬೇವಿನ ನೆರಳು

ಅಂಗಳದಲ್ಲಿ ಒಂದು ಬೇವಿನಮರ. ನಮ್ಮ ಬೇವೇ. ಪರದೇಶದಲ್ಲಿ ಮೊದಲು ಗುರುತು ಹಿಡಿದದ್ದು ಅದನ್ನೇ. ಸಂಜೆ ಬಿಸಿಲು ತಗ್ಗಿದ ಮೇಲೆ ಕೂಸನ್ನೆತ್ತಿಕೊಂಡು ಅದರ ಕೆಳಗೆ ಕೂರುತ್ತಿದ್ದೆ. ಗುಲ್ ಬೀಬಿಯೂ ಬರುತ್ತಿದ್ದಳು. ನಾನು ಕೂಸನ್ನು ಅವಳಿಂದ ದೂರದ ತೊಡೆಗೆ ಹಾಕಿಕೊಳ್ಳುತ್ತಿದ್ದೆ.

ಒಂದು ಸಂಜೆ ಮನೆಯವರ ಫೋನು ಬಂದಾಗ ಅವಳೂ ಪಕ್ಕದಲ್ಲಿದ್ದಳು. ಮುಖ ಕಾಣುವ ಫೋನು. ಅವರು ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತಿದ್ದರು.

"ಏನವ್ವಾ, ಜಮಾನಾ ಸುಧಾರಿಸ್ಯಾದ ಇಲ್ಲ?" ಎಂದು ಅವಳನ್ನೇ ಹಿಂದಿಯಲ್ಲಿ ಕೇಳಿದರು. ಗಂಡಸರಿಗೆ ನಾಚಿಕೆ ಕಡಿಮೆ.

ಗುಲ್ ಬೀಬಿ ಕೈ ಎತ್ತಿ ಬಿಟ್ಟಳು. "ಹಾಳಾಗ್ಯಾದ. ಮದಲ ನಮ್ಮ ಓಣಿಗಿ ಬಾಗಲಾ ಇದ್ದಿಲ್ಲ. ಈಗ ಬಾಗಲಕ್ಕ ಬಾಗಲಾ, ಅದರ ಮ್ಯಾಲ ಕ್ಯಾಮೆರಾ."

"ನಮ್ಮ ಊರಾಗ ಕ್ಯಾಮೆರಾನೇ ಕದ್ದಾರ" ಎಂದೆ.

"ನಮ್ಮಲ್ಲಿ ಮಕ್ಕಳು ತಾಯಿ ಜೋಡಿ ಮಾತಾಡೂದಿಲ್ಲ. ಒಂದ ಮನಿಯಾಗ ಕುಂತು ಫೋನಿನಾಗ ಸಲಾಂ ಕಳಿಸ್ತಾರ."

"ನಮ್ಮಲ್ಲಿ ಸತ್ತವರ ಮುಂದ ನಿಂತು ಫೋಟೋ ತೆಕ್ಕೋತಾರ."

ಹೀಗೆ ಯಾರ ಊರು ಹೆಚ್ಚು ಕೆಟ್ಟಿದೆ ಎಂದು ಇಬ್ಬರೂ ಪೈಪೋಟಿಗೆ ಬಿದ್ದೆವು. ಸೋಲಲು ಇಬ್ಬರಿಗೂ ಮನಸ್ಸಿರಲಿಲ್ಲ. ಫೋನಿನೊಳಗೆ ಮನೆಯವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ನಮ್ಮ ಮಾತಿನಲ್ಲಿ, ನನಗಷ್ಟೇ ಹೇಳಿದರು:

"ಹಿಂದಿನ ಮಂದಿ ಭಾಳ ಒಳ್ಳೇರು ಅಂತೀ ನೀ. ನಮ್ಮೂರ ಬಾವಿಗಿ ಯಾರ್ ಬರಬೇಕು, ಯಾರ್ ಬರಬಾರದು ಅಂತ ಕಟ್ಟು ಹಾಕಿದವರು ಅವರೇ. ನಮ್ಮ ಮದಲನೇ ಕೂಸಿಗಿ ದವಾಖಾನಿ ಬ್ಯಾಡ, ಗುಡೀ ಅಂಗಾರ ಹಚ್ಚಿದ್ರ ಸಾಕು ಅಂದವರೂ ಅವರೇ. ಈಗಿನ ಮಂದಿ ಇಕಿಗಿ ಗಾಜಿನ ಪೆಟಗ್ಯಾಗ ಇಟ್ಟು ಉಳಿಸ್ಯಾರ. ಯಾರ್ ಕೆಟ್ಟವರು, ನೀನೇ ಹೇಳು."

ನಾನು ಕೂಸಿನ ಕಾಲಿಗೆ ಬಟ್ಟೆ ಎಳೆದೆ. ಫೋನು ಕಟ್ಟಾದ ಮೇಲೆ ಗುಲ್ ಬೀಬಿ, "ಏನಂದ್ರು?" ಎಂದಳು.

"ಎಮ್ಮಿ ಹಾಲು ಕಡಿಮಿ ಕೊಡ್ಲಿಕತ್ತದಂತ" ಎಂದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಲಿಲ್ಲ ಎಂದು ಗೊತ್ತಾಯಿತು.

ಉಪ್ಪು, ಖಾರ

ನಾನು ಹೊರಡುವ ದಿನ ಹತ್ತಿರ ಬಂತು. ಜಗದೇವಿ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಮ್ಮೆ ಕೂಸಿಗೆ ಹಾಲೂಡಿಸುತ್ತಾ, ತಲೆಯೆತ್ತದೆ, "ನೀ ಕರಕೊಂಡು ಹೋದ್ರ ಇದು ಯಾರಿಗಿ ಅವ್ವಾ ಅಂತದ?" ಎಂದಳು. ಅವಳ ಮಾತು ಖರೆ. ಆದರೆ ಕೂಸನ್ನು ಎದುರುಮನೆಗೆ ಕೊಡು ಎಂದು ಬಾಯಿಂದ ಬರಲಿಲ್ಲ. ಯಾರನ್ನು ನೋಡಿ ಕೊಡಲಿ?

ಅವತ್ತು ಬಟ್ಟಲಲ್ಲಿ ಬಿಳಿಯ ಗೋಧಿ ಹುಗ್ಗಿಯಂಥದ್ದು ಬಂದಿತ್ತು. ನೋಡಲು ನಮ್ಮ ಹುಗ್ಗಿಯೇ. ಆದರೆ ಇಲ್ಲಿ ಗೋಧಿಯ ಜೊತೆ ಮಾಂಸ ಕುದಿಸುತ್ತಾರೆ ಎಂದು ಅಳಿಯ ಮೊದಲೇ ಹೇಳಿದ್ದ. ಅದೂ ನೂರುಲ್‌ಗೆ ಹೋಯಿತು. ಸಂಜೆ ಬೇವಿನ ಕೆಳಗೆ ಗುಲ್ ಬೀಬಿ ಕೇಳಿದಳು:

"ಗೋಧೀದು ಹೆಂಗಿತ್ತು?"

"ಭಾಳ ಚಲೋ ಇತ್ತು. ಉಪ್ಪು ಒಂಚೂರು ಕಡಿಮಿ."

"ಉಪ್ಪ ಹಾಕಿಲ್ಲ ನಾ. ನೀ ಮಾಂಸ ತಿನ್ನೂದಿಲ್ಲಂತ ಸಕ್ಕರಿ ಹಾಕಿ ಮಾಡೀನಿ."

ಬೇವಿನ ಎಲೆಯೊಂದು ನಮ್ಮಿಬ್ಬರ ನಡುವೆ ಬಿತ್ತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸಿಕ್ಕಿಬಿದ್ದವರು ಇನ್ನೊಬ್ಬರನ್ನೂ ಸಿಕ್ಕಿಸಲು ನೋಡುವುದು ವಾಡಿಕೆ. ನಾನೂ ಹಾಗೇ ಮಾಡಿದೆ.

"ನಾ ಕಳಿಸಿದ ಶೇಂಗಾ ಹೋಳಿಗಿ ಹೆಂಗಿತ್ತು?"

"ಚಲೋ ಇತ್ತು" ಎಂದಳು ಅವಳು ಬೇರೆ ಕಡೆ ನೋಡುತ್ತಾ. "ಖಾರ ಜರಾ ಜಾಸ್ತಿ."

"ಅದರಾಗ ಬೆಲ್ಲ ಇತ್ತು ಬೀಬಿ."

ಯಾರೂ ಹೇಳದೆಯೇ, ಇಬ್ಬರ ತಲೆಯೂ ಗೇಟಿನ ಕಡೆ ತಿರುಗಿತು. ನೂರುಲ್ ಕುರ್ಚಿಯಲ್ಲಿ ಕೂತಿದ್ದ. ನಾನು ಬಂದಾಗ ಸಜ್ಜೆಯ ದಂಟಾಗಿದ್ದವನಿಗೆ ಈಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳಲು ಜಾಗವಾಗಿತ್ತು. ಗುಲ್ ಬೀಬಿ ಕೈ ಮಾಡಿ ಕರೆದಳು.

"ಇಕಿ ಕಳಿಸಿದ್ದೆಲ್ಲಾ ನಾ ನಿನಗೇ ಕೊಟ್ಟೀನಿ ಹೌದಿಲ್ಲ? ಇಕೀನೂ ನಂದು ನಿನಗೇ ಕೊಟ್ಟಾಳೇನು?"

ನೂರುಲ್ ಅವಳನ್ನು ನೋಡಿದ, ನನ್ನನ್ನು ನೋಡಿದ. "ಹೇಳಬ್ಯಾಡ ಅಂತ ಇಬ್ಬರೂ ಅಂದೀರಿ ಅಮ್ಮಾ. ನಾ ಹೇಳಿಲ್ಲ. ಎರಡೂ ಮನೀದು ಭಾಳ ಚಂದ ಇರ್ತದ. ಆ ಕರೀ ಪುಡಿ ಒಂದು ಕಣ್ಣೀರು ತರಿಸ್ತು."

ಮೊದಲು ನಕ್ಕವಳು ಅವಳು. ತಲೆವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕಳು. ನನ್ನ ನಗುವಿಗೆ ಕೂಸು ಎಚ್ಚರಾಗಿ ಅತ್ತಿತು.

"ಯಾಕ ತಿನ್ನಲಿಲ್ಲ ನೀ?" ಎಂದೆ.

"ನಿನ್ನ ಹಣಿ ಮ್ಯಾಲ ಬೂದಿ ನೋಡಿದ್ದೆ. ಊಟದಾಗೂ ಹಾಕ್ತಿ ಏನೋ, ಮಂತ್ರ ಮಾಡಿ ಕಳಿಸ್ತಿ ಏನೋ. ಆ ಕರೀ ಪುಡಿ ನೋಡಿದ ಮ್ಯಾಲ ಖಾತ್ರಿ ಆತು."

"ಮತ್ತ ಬಟ್ಟಲಾ ಯಾಕ ತುಂಬಿ ಕಳಿಸ್ತಿದ್ದಿ?"

"ಖಾಲಿ ಹೆಂಗ ಕಳಿಸ್ಲಿ? ನೀ ತುಂಬಿ ಕಳಿಸೂದು ಬಿಟ್ರ ನಾನೂ ಬಿಡಬೇಕಂತ ಕಾಯ್ಲಿಕತ್ತಿದ್ದೆ." ನಗು ಒರೆಸಿಕೊಂಡು ಅವಳು ದನಿ ತಗ್ಗಿಸಿದಳು. "ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ನಿನ್ನ ಮಗಳು ಬಾಟ್ಲಿ ಬರೋಬರಿ ಕುದಸ್ತಾಳ ಇಲ್ಲ? ಈಗಿನ ಹುಡುಗ್ಯಾರು. ಮ್ಯಾಲಿಂದ ಮ್ಯಾಲ ತೊಳೀತಾರ."

ನನ್ನ ಮಗಳ ಮೇಲೆ ಸಂಶಯ. ಸಿಟ್ಟು ಬರಬೇಕಿತ್ತು. ಆದರೆ ನಾನು ಅವಳ ಹತ್ತಿರಕ್ಕೆ ಸರಿದು ಕೂತೆ. ಏಕೆಂದರೆ ನನಗೂ ಅದೇ ಸಂಶಯವಿತ್ತು, ನಾನು ಗುಟ್ಟಾಗಿ ಎರಡನೇ ಸಲ ಕುದಿಸುತ್ತಿದ್ದೆ.

ಕೂಸನ್ನು ಮೊದಲ ಸಲ ಅವಳ ತೊಡೆಯ ಮೇಲೆ ಹಾಕಿದೆ. "ಹಾಲು ತರ್ತೀನಿ" ಎಂದು ಒಳಗೆ ಹೋಗಿ ಪರದೆಯ ಸಂದಿಯಿಂದ ನೋಡುತ್ತಾ ನಿಂತೆ. ನೂರುಲ್ ಕೂಸಿನ ಗಲ್ಲ ಮುಟ್ಟಲು ಬಗ್ಗಿದ. ಅವಳು ಅವನ ಕೈಗೆ ಪಟ್ಟನೆ ಹೊಡೆದು, "ಕೈ ತೊಳಕೊಂಡು ಬಾ" ಎಂದಳು. ತೊಳೆದು ಬಂದ. ಅವಳು ಅವನ ಬೆರಳುಗಳನ್ನು ಮೂಸಿ ನೋಡಿ, "ಸಾಬೂನು ಹಚ್ಚಿಲ್ಲ" ಎಂದು ಮತ್ತೆ ಕಳಿಸಿದಳು. ಮೂರನೇ ಸಲ ಅವನು ಬರಲೇ ಇಲ್ಲ. ಅವಳು ಅತ್ತ ಇತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಕೂಸಿನ ನೆತ್ತಿ ಮೂಸಿದಳು.

ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಹೇಳಿದೆ: "ಕೂಸು ಇಲ್ಲೇ ಇರ್ಲಿ."

ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಬೇಡ ಎಂದದ್ದು ಕೇಳಿಸಲಿಲ್ಲ ಎನ್ನುವಂತೆ.

ಮತ್ತೆ ಸೇಡಂ

ಹೊರಡುವ ದಿನ ಗುಲ್ ಬೀಬಿ ಬಟ್ಟಲಿನ ತುಂಬ ಹಲ್ವಾ ಹಾಕಿ, ಮುಚ್ಚಳಕ್ಕೆ ಬಟ್ಟೆ ಬಿಗಿದು ತಂದಳು. "ಬಟ್ಟಲಾ ನಂದು, ನೆನಪಿರ್ಲಿ" ಎಂದಳು. ಹಾಗೆಂದರೆ ಏನರ್ಥವೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮನೆಗೆ ಬಂದು ಫರಸಿಯ ಮೇಲೆ ಕಾಲು ಚಾಚಿ ಕೂತೆ. ಅಲ್ಲಿಯ ನುಣುಪು ಟೈಲ್ಸ್ ಮೇಲೆ ಇಷ್ಟು ದಿನ ಜಾರುವ ಭಯದಲ್ಲೇ ನಡೆದಿದ್ದೆ. ಶಹಾಬಾದ ಕಲ್ಲಿನ ತಂಪು ಅಂಗಾಲಿಗೆ ತಾಗಿದಾಗ ಊರು ಬಂತು ಅನಿಸಿತು. ಮನೆಯವರು ಬಟ್ಟಲು ಬಿಚ್ಚಿ, ಮೂಸದೆ, ಕೇಳದೆ, ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಅವರು ಯಾವಾಗಲೂ ಹಾಗೆ. ನಾನು ಅವರ ಮುಖ ನೋಡುತ್ತಾ ಸ್ವಲ್ಪ ಕಾದೆ. ಏನೂ ಆಗಲಿಲ್ಲ. ಆಮೇಲೆ ನಾನೂ ಬೆರಳು ಅದ್ದಿದೆ. ಕೇಸರಿ, ತುಪ್ಪ, ಗುಲಾಬಿ. ಅಷ್ಟು ದಿನ ನೂರುಲ್ ತಿಂದದ್ದು ಇದು ಎಂದು ಹೊಟ್ಟೆ ಉರಿಯಿತು.

"ಮತ್ತ? ಗೆದ್ದವರ್ಯಾರು?" ಎಂದರು.

"ತಡೀರಿ. ಫೋನ್ ಹಚ್ರಿ ಮದಲ."

ಅವತ್ತು ಜಗದೇವಿ ಮೊದಲ ದಿನ ಕೆಲಸಕ್ಕೆ ಹೊರಟಿದ್ದಳು. ಫೋನಿನಲ್ಲಿ ಗುಲ್ ಬೀಬಿಯ ಮನೆ ಕಂಡಿತು, ಅವಳ ತೊಡೆಯ ಮೇಲೆ ಕೂಸು, ಮುಷ್ಟಿ ಬಿಗಿಹಿಡಿದೇ ಇತ್ತು. ಮಗಳು ಹಾಲಿನ ಬಾಟಲಿ ಕೊಟ್ಟಳು. ಗುಲ್ ಬೀಬಿ ಅದನ್ನು ಕೂಸಿನ ಬಾಯಿಗೆ ಕೊಡಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಮೂಸಿದಳು. ಮುಂಗೈಯ ಮೇಲೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದಳು. ಆಮೇಲೆ ನನ್ನ ಮಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಖರೇ ಹೇಳು, ಎಷ್ಟು ಹೊತ್ತು ಕುದಿಸಿದಿ?" ಎಂದಳು.

"ಭಾಳ ಹೊತ್ತು ಕುದಿಸೀನಿ ಬೀಬಿ."

"ಹ್ಞೂಂ" ಎಂದಳು ಗುಲ್ ಬೀಬಿ. ಎದ್ದು ಒಲೆ ಹಚ್ಚಿ, ಇನ್ನೊಂದು ಬಾಟಲಿಯನ್ನು ನೀರಿಗೆ ಹಾಕಿದಳು.

ಇತ್ತ ಮನೆಯವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. ನಾನು ಫೋನು ಅವರ ಕೈಗೆ ಕೊಟ್ಟು, ಹಲ್ವಾ ಡಬ್ಬಿಗೆ ಹಾಕಿ, ಬಟ್ಟಲು ತೊಳೆದು ಗೂಡಿನಲ್ಲಿಟ್ಟೆ. ಮೊರ ಎಳೆದುಕೊಂಡು ತೊಗರಿಬೇಳೆ ಹರವಿದೆ. ಮಸ್ಕತ್‌ಗೆ ಹೋಗುವವರು ಸಿಕ್ಕರೆ ಬೇಳೆ ಹೋಳಿಗೆ ಕಳಿಸಬೇಕು, ಬೇಳೆ ಚೊಕ್ಕಟವಾಗಿರಬೇಕು. ಆ ಹೆಂಗಸು ಒಂದು ಹರಳೂ ಬಿಡದೆ ನೋಡುತ್ತಾಳೆ.